ಐದು ಸಂಪುಟ, ಎಂಟು ಕಂತು, ಒಬ್ಬ ಹರಗೋಲಜ್ಜಿ

ನಾನು ಎಲ್ಲಿಗೆ ಹೋದರೂ ನಗೆಪಾಟಲು ನನಗಿಂತ ಒಂದು ಬಸ್ಸು ಮುಂಚೆ ಹೋಗಿ ಕಾದಿರುತ್ತೆ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಹೊಲಗದ್ದೆಗಳನ್ನ ಸರ್ವೀಸೆಲ್ಲಾ ಅಳೆದ ಸರ್ವೇಯರ್ ನಾನು. ಆಗಲೂ ದಿನಕ್ಕೊಂದು ಇಂಥದ್ದು ಆಗ್ತಾನೇ ಇತ್ತು. ರಿಟೈರ್ ಆದ ಮೇಲಾದರೂ ನಿಲ್ಲುತ್ತೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ, ಕ್ಯಾಮೆರಾ ತಗೊಂಡು ಬಂತು.

ಬಂದದ್ದು ಯಾಕೆ ಅಂದರೆ, ನಾನೊಂದು ಕಾದಂಬರಿ ಬರೆದಿದ್ದೆ. ಮೂರು ನದಿ ಸೇರುವ ಒಂದು ರಾಜ್ಯ, ಅಲ್ಲೊಬ್ಬ ಗಡೀಪಾರಾದ ರಾಜಕುಮಾರ, ಒಬ್ಬ ರಾಕ್ಷಸ ದೊರೆ, ಒಂದು ಮಾತಾಡುವ ಆನೆ, ಮತ್ತೆ ಮುನ್ನೂರು ಜನ. ಒಟ್ಟು ಐದು ಸಂಪುಟ. ಮೈಸೂರಿನ ಪ್ರಕಾಶಕರೊಬ್ಬರು ಧೈರ್ಯ ಮಾಡಿ ಅಚ್ಚು ಹಾಕಿದರು. ಅವರಿಗೆ ಈವತ್ತಿಗೂ ನಾನು ಕೈ ಮುಗಿಯೋದು, ಅವರು ನನ್ನನ್ನು ನೋಡಿದರೆ ಎದೆ ಮುಟ್ಟಿಕೊಳ್ಳೋದು, ಎರಡೂ ನಡೆದುಕೊಂಡು ಬಂದಿದೆ.

ಕತೆ ನಿಜವಾಗಿ ನನ್ನದಲ್ಲ. ನಮ್ಮ ದೊಡ್ಡಮ್ಮನದು. ಅಂದರೆ ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನರಸೀಪುರದಿಂದ ಸ್ವಲ್ಪ ಆಚೆ ಹೊಳೆದಂಡೆಯ ಊರಲ್ಲಿ ದೊಡ್ಡಮ್ಮನೇ ನನ್ನನ್ನು ಸಾಕಿದ್ದು. ಸೇತುವೆ ಇಲ್ಲದ ಕಾಲ. ಅವಳು ಹಗಲೆಲ್ಲ ಹರಗೋಲು ಹಾಕಿ ಜನರನ್ನು ಹೊಳೆ ದಾಟಿಸೋಳು, ಸಂಜೆ ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಕತೆ ಹೇಳೋಳು. ಆ ಕತೆಗಳನ್ನೇ ಕೂಡಿಸಿ ನಾನು ಬರೆದದ್ದು. ಬರೆಯುವಾಗ ಅವಳನ್ನೂ ಒಳಗೆ ತಂದು ಕೂರಿಸಿದೆ. ರಾಜಕುಮಾರನನ್ನು ಬೈದು, ರೊಟ್ಟಿ ಕೊಟ್ಟು, ನದಿ ದಾಟಿಸುವ ಹರಗೋಲಜ್ಜಿ ಅವಳೇ.

ದೊಡ್ಡಮ್ಮನಿಗೆ ಓದು ಬರಲ್ಲ. ಐದು ಸಂಪುಟ ಕೈಗೆ ಕೊಟ್ಟಾಗ ಒಂದೊಂದನ್ನೇ ಎತ್ತಿ ನೋಡಿ, "ಏನ್ ಬರ್ದಿದ್ದೀಯೋ ಕಣಪ್ಪ, ಭಾರವಾಗದೆ" ಅಂದು ದೇವರ ಗೂಡಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಓದಿ ಹೇಳೋಕೆ ಹೋದರೆ ಎರಡನೇ ಪುಟಕ್ಕೇ ತಡೆದಳು. "ಕಾಗ್ದ ನೋಡ್ಕಂಡು ಯೇಳ್ಬೇಡ ಕಣ್ಲಾ ಮಗ, ತಾಲ್ಲೂಕಾಪೀಸಿನ ನೋಟೀಸು ಓದ್ದಂಗಾಯ್ತದೆ." ಅವಳಿಗೀಗ ಎಂಬತ್ತಾರೋ ಎಂಬತ್ತೆಂಟೋ. ಅವಳ ಕತೆ ಪುಸ್ತಕ ಆಯಿತು, ಅದು ಅವಳಿಗೇ ಮುಟ್ಟಲಿಲ್ಲ ಅನ್ನೋದೊಂದು ಸಂಕಟ ನನಗೆ ಇದ್ದೇ ಇತ್ತು. ಆಗಲೇ ಬೆಂಗಳೂರಿನಿಂದ ಫೋನ್ ಬಂತು. ನಿಮ್ಮ ಕಾದಂಬರಿಯನ್ನು ಓಟಿಟಿಗೆ ಎಂಟು ಕಂತಿನ ಸರಣಿ ಮಾಡ್ತೀವಿ ಅಂದರು.

೧. ಬಾಯಿಬಿಡಬಾರದ ಕಾಗದ

ಬಂದವರು ಇಬ್ಬರು. ಒಬ್ಬರು ನಿರ್ದೇಶಕರು, ಇನ್ನೂ ಚಿಕ್ಕ ವಯಸ್ಸು. ಇನ್ನೊಬ್ಬರು ಚಿತ್ರಕಥೆ ಬರೆಯುವ ಮೇಡಂ. ಈ ಮೇಡಂ ಐದೂ ಸಂಪುಟ ಪೂರ್ತಿ ಓದಿದ್ದರು. ನನಗೆ ಗೊತ್ತಿರುವ ಹಾಗೆ ಹಾಗೆ ಓದಿದವರಲ್ಲಿ ಅವರು ಎರಡನೆಯವರು. ಮೊದಲನೆಯವರು ಕರಡು ತಿದ್ದಿದವರು, ಅವರಿಗೆ ಬೇರೆ ದಾರಿ ಇರಲಿಲ್ಲ.

ನಾನು ಕೇಳಿದ್ದು ಒಂದೇ ಒಂದು. "ಏನಾದರೂ ತೆಗೀರಿ, ಏನಾದರೂ ಸೇರಿಸಿ. ಹರಗೋಲಜ್ಜಿನ ಮಾತ್ರ ಕೈಬಿಡಬೇಡಿ." ನಿರ್ದೇಶಕರು, "ಖಂಡಿತಾ ಸಾರ್, ಅವರೇ ಕತೆಯ ಆತ್ಮ" ಅಂದರು. ಆತ್ಮ ಅಂದಾಗಲೇ ನನಗೆ ಹೊಳೀಬೇಕಿತ್ತು, ದೇಹ ಬಿಟ್ಟು ಹೋಗೋದು ಅದೇ ತಾನೆ.

ಆಮೇಲೆ ಒಂದು ಕಾಗದ ತೆಗೆದು ರುಜು ಹಾಕಿಸಿಕೊಂಡರು. ಈ ವಿಷಯ ಯಾರ ಹತ್ತಿರವೂ ಬಾಯಿಬಿಡಬಾರದು, ಹೆಂಡತಿ ಮಕ್ಕಳಿಗೂ ಹೇಳೋ ಹಾಗಿಲ್ಲ ಅಂತ ಮೇಡಂ ಬಿಡಿಸಿ ಹೇಳಿದರು. ಸರ್ಕಾರಿ ಕೆಲಸ ಮಾಡಿದವನು ನಾನು, ರುಜು ಹಾಕಿದ ಮೇಲೆ ಮುಗಿಯಿತು. ನಮ್ಮನೆಯವರು ಬಿಳಿಗೆರೆಯ ತಂಗಿ ಮನೆಗೆ ಹೋಗಿದ್ದು ಒಳ್ಳೇದೇ ಆಯ್ತು ಅಂದುಕೊಂಡೆ.

ಮಾರನೇ ದಿನ ನಂಜನಗೂಡಿನ ಪೇಟೆಯಲ್ಲಿ ಕಾಫಿ ಕುಡಿಯೋಕೆ ಹೋದರೆ ಹೋಟೆಲಿನವರು, "ಏನ್ ಸಾ, ನಿಮ್ ಕತೆ ಟೀವಿಗೆ ಬತ್ತದಂತಲ್ಲ" ಅಂದರು. ನನಗೆ ಕಾಫಿ ನೆತ್ತಿಗೇರಿತು. ವಿಚಾರಿಸಿದರೆ, ಬೆಂಗಳೂರಿನವರ ಕಾರು ದಾರಿ ತಪ್ಪಿ, ಅದರ ಡ್ರೈವರು ಬಸ್ ಸ್ಟ್ಯಾಂಡಿನಿಂದ ನಮ್ಮ ಬೀದಿವರೆಗೂ, "ಓಟಿಟಿಯವರು ಕತೆ ತಗೊಂಡಿರೋ ಸರ್ವೇಯರ್ ಮನೆ ಯಾವುದು" ಅಂತ ಕೇಳಿಕೊಂಡೇ ಬಂದಿದ್ದನಂತೆ. ಹೋಟೆಲಿನವರು ಆ ಕಡೆ ಈ ಕಡೆ ನೋಡಿ, "ಯಾರ್ಗೂ ಯೇಳ್ಬೇಡಿ ಸಾ, ಗುಟ್ಟಂತೆ" ಅಂತ ನನಗೇ ಬುದ್ಧಿ ಹೇಳಿದರು.

ಸಂಜೆ ನಮ್ಮನೆಯವರು ಬಸ್ಸಿಳಿದು ಬಂದರು. ಚೀಲ ಕೆಳಗಿಟ್ಟವರೇ, "ಕಂಡಕ್ಟರ್ ಹೇಳಿದ" ಅಂದರು. ನಾನು ಕಾಗದ, ರುಜು, ಕಾನೂನು ಅಂತ ಏನೇನೋ ಹೇಳಿದೆ. "ಕಂಡಕ್ಟರಿಗೆ ಗೊತ್ತಾಗಬಹುದು, ಕಟ್ಟಿಕೊಂಡವಳಿಗೆ ಗೊತ್ತಾಗಬಾರದು. ಇರಲಿ, ನನಗೂ ಒಂದು ಕಾಲ ಬರುತ್ತೆ" ಅಂದರು. ಮೂರು ದಿನ ಸಾರಿಗೆ ಉಪ್ಪು ಬೀಳಲಿಲ್ಲ.

೨. ಮುನ್ನೂರು ಚೀಟಿ

ಕಾದಂಬರಿಯನ್ನು ಸರಣಿ ಮಾಡೋದು ಅಂದರೆ ಬರೆದದ್ದನ್ನು ತೆಗೆಯೋದು ಅಂತ ನನಗೆ ಆಮೇಲೆ ತಿಳಿಯಿತು. ನಂಜನಗೂಡಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ನಡುಮನೆಯ ಗೋಡೆ ತುಂಬ ಹಳದಿ ಚೀಟಿ ಅಂಟಿಸಿದ್ದರು. ಒಂದೊಂದು ಚೀಟಿ ಒಂದೊಂದು ಪಾತ್ರ. ಮುನ್ನೂರು ಚೀಟಿ. ಮೇಡಂ ಹೇಳಿದರು, "ಸಾರ್, ಪುಸ್ತಕ ಓದೋರು ಮರೆತರೆ ಹಿಂದಿನ ಪುಟ ತಿರುಗಿಸ್ತಾರೆ. ಸರಣಿ ನೋಡೋರು ಮರೆತರೆ ಬೇರೆ ಸರಣಿಗೆ ಹೋಗ್ತಾರೆ. ಹನ್ನೆರಡು ಜನ ಉಳಿಸಿಕೊಳ್ಳಬಹುದು."

ಮುನ್ನೂರು ಜನರನ್ನು ಹನ್ನೆರಡಕ್ಕೆ ಇಳಿಸೋದು ಹೇಗೆ ಅಂತ ಒಂದು ವಾರ ಜಗಳ ಆಯಿತು. ಮಂತ್ರಿ ಬೇಕು ಅಂತ ಒಬ್ಬರು, ಮಂತ್ರವಾದಿ ಬೇಕು ಅಂತ ಒಬ್ಬರು. ಒಂದು ಮಧ್ಯಾಹ್ನ ಕರೆಂಟು ಹೋಗಿ, ವಾಪಸ್ ಬಂದಾಗ ಫ್ಯಾನು ಜೋರಾಗಿ ತಿರುಗಿತು. ಅರ್ಧ ರಾಜ್ಯ ನೆಲಕ್ಕೆ ಬಿತ್ತು. ನಿರ್ದೇಶಕರು ಸ್ವಲ್ಪ ಹೊತ್ತು ನೋಡಿ, "ಬಿದ್ದೋರು ಬಿದ್ದರು, ಅವರನ್ನ ಬಿಟ್ಟುಬಿಡೋಣ" ಅಂದರು. ನಾನು ಹದಿನಾರು ವರ್ಷ ಸಾಕಿದ ಮಂತ್ರಿಯನ್ನು ಯಾರೋ ಕಸಬರಿಕೆಯಲ್ಲಿ ಗುಡಿಸಿಕೊಂಡು ಹೋದರು.

ಹರಗೋಲಜ್ಜಿ ಬೀಳಲಿಲ್ಲ. ಯಾಕೆ ಅಂದರೆ ಹಿಂದಿನ ದಿನ ನಾನು ಅವಳ ಚೀಟಿಗೆ ಆಫೀಸಿನಲ್ಲಿ ನಕ್ಷೆ ಅಂಟಿಸ್ತಿದ್ದ ಹಾಗೆ ಅನ್ನ ಹಿಸುಕಿ ಮೆತ್ತಿದ್ದೆ. ಕೊನೆಗೆ ಮುಂಬೈನವರ ಪಟ್ಟಿ ಬಂತು. ಸರಣಿಗೆ ಹಣ ಹಾಕುವವರು ಅವರು, ಅವರ ಮಾತೇ ಮಾತು. ಅದರಲ್ಲಿ ಅಜ್ಜಿ ಇರಲಿಲ್ಲ. ಒಬ್ಬರು ಚೀಟಿ ಕೀಳೋಕೆ ಹೋದರೆ ಬರಲಿಲ್ಲ. ಉಗುರಲ್ಲಿ ಕೆರೆದರು, ಚಮಚದಲ್ಲಿ ಕೆರೆದರು. ಕೊನೆಗೆ ಗೋಡೆಯ ಗಾರೆಯೇ ಕಿತ್ತು ಬಂತು. ಆ ಮನೆಯ ಓನರು ಈಗಲೂ ನನ್ನ ಮುಖ ನೋಡಲ್ಲ.

"ಅಜ್ಜಿ ಪೂರ್ತಿ ಹೋಗಿಲ್ಲ ಸಾರ್, ಅವರನ್ನ ಸೇನಾಪತಿ ಪಾತ್ರದಲ್ಲಿ ಸೇರಿಸಿದ್ದೀವಿ" ಅಂದರು ನಿರ್ದೇಶಕರು.

"ಹಾಗಂದರೆ?"

"ಸೇನಾಪತಿನೇ ಹರಗೋಲು ಹಾಕ್ತಾರೆ."

"ರಾಜಕುಮಾರನಿಗೆ ಬೈಯೋದು?"

"ಸೇನಾಪತಿ."

"ರಾಗಿ ರೊಟ್ಟಿ ತಟ್ಟಿಕೊಡೋದು?"

ನಿರ್ದೇಶಕರು ಪಾಪ, ನೆಲ ನೋಡಿದರು. "ಅದೂ ಸೇನಾಪತಿನೇ ಸಾರ್."

೩. ರಾಕ್ಷಸನ ಪಹಣಿ

ಬೇಜಾರಾದರೂ ನಾನು ಜೊತೆ ಬಿಡಲಿಲ್ಲ. ಹತ್ತಿರ ಇದ್ದರೆ ತಾನೆ ಮತ್ತೆ ಮತ್ತೆ ಕೇಳೋಕಾಗೋದು. ಕಲಾ ನಿರ್ದೇಶಕರು ಬಂದು, "ಸಾರ್, ಇಂಥಾ ಕತೆಗೆ ಒಂದು ನಕ್ಷೆ ಇರಲೇಬೇಕು, ನೀವೇ ಬರೆದುಕೊಡಿ" ಅಂದಾಗ ಖುಷಿಯಾಗಿ ಒಪ್ಪಿಕೊಂಡೆ.

ಅವರು ಕೇಳಿದ್ದು ಬೆಟ್ಟ, ಕಾಡು, ಒಂದು ಹೆಬ್ಬಾವು ಅಂಥ ಚಿತ್ರ. ನನ್ನ ಕೈಗೆ ಬರೋದು ಒಂದೇ. ಸ್ಕೇಲ್ ಹಿಡಿದು, ರಾಕ್ಷಸನ ಕೋಟೆಗೆ ನಾಲ್ಕೂ ಕಡೆ ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹುಣಸೇಮರ, ದಕ್ಷಿಣಕ್ಕೆ ಬಾಂದು ಕಲ್ಲು. ಆಮೇಲೆ ನೋಡಿಕೊಂಡರೆ, ಹೆಮ್ಮರಗಾಲದ ಕಡೆ ನಾನು ಎಷ್ಟೋ ವರ್ಷದ ಹಿಂದೆ ಅಳೆದ ಒಂದು ಹೊಲವನ್ನೇ ಬರೆದುಬಿಟ್ಟಿದ್ದೆ. ಕೈ ತನ್ನಷ್ಟಕ್ಕೆ ತಾನು ಹೋಗಿತ್ತು. ಕಲಾ ನಿರ್ದೇಶಕರು ನಕ್ಷೆ ಹಿಡಿದು ಸುತ್ತಾಡಿ, ಅದೇ ಜಾಗ ಹುಡುಕಿ, ಅಲ್ಲೇ ಥರ್ಮಕೋಲಿನ ಕೋಟೆ ಕಟ್ಟಿದರು. ಜಾಗದ ಯಜಮಾನರ ಒಪ್ಪಿಗೆಯನ್ನೂ ಪಡೆದಿದ್ದರು. ಪಡೆದದ್ದು ಅಣ್ಣನದು ಮಾತ್ರ.

ಆ ಹೊಲಕ್ಕೆ ಅಣ್ಣ ತಮ್ಮ ಇಬ್ಬರು. ಬದುವಿನ ಮೂರಡಿಗೋಸ್ಕರ ಮಾತು ಬಿಟ್ಟು ಬಹಳ ವರ್ಷ ಆಗಿತ್ತು. ಶೂಟಿಂಗಿನ ಮೊದಲ ದಿನವೇ ತಮ್ಮ ಬಂದು ಕೋಟೆ ಬಾಗಿಲಿಗೆ ಅಡ್ಡ ಕೂತ. "ರಾಕ್ಷಸನ ಗೋಡೆ ನನ್ ಕಡೀಕ್ ಮೂರಡಿ ಬಂದದೆ. ಸರ್ವೇಯರ್ ಸಾ ಬಂದು ಅಳೀಲಿ."

ರಾಕ್ಷಸ ದೊರೆ ಕೊಂಬು ಕಟ್ಟಿಕೊಂಡು ಬಿಸಿಲಲ್ಲಿ ನಿಂತಿದ್ದರು. ನಾನು ಚೈನು ತರಿಸಿ ಅಳೆದೆ. ಹೌದು, ಮೂರಡಿ ಬಂದಿತ್ತು. ತಮ್ಮನ ಕಡೆ ನ್ಯಾಯ ಇತ್ತು, ಅದನ್ನೇ ಹೇಳಿದೆ. ಅಣ್ಣ ಏನನ್ನುತ್ತಾನೋ ಅಂತ ಎಲ್ಲರೂ ಆ ಕಡೆ ತಿರುಗಿದರು. ಆತ ಗೋಡೆ ಕುಟ್ಟಿ ನೋಡಿ, "ಅಗುರಾಗದೆ ಕಣ್ಲಾ, ಆ ಕಡೆ ಇಡ್ಕೊ" ಅಂದ. ಇಬ್ಬರೂ ಸೇರಿ ಕೋಟೆ ಎತ್ತಿ ಮೂರಡಿ ಈಚೆಗಿಟ್ಟರು. ಅಷ್ಟು ವರ್ಷದಲ್ಲಿ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಆ ಕೋಟೆಗೆ ನಾನು ಮನಸ್ಸಲ್ಲೇ ಕೈ ಮುಗಿದೆ, ಸರ್ವೀಸಲ್ಲಿ ನನ್ನ ಕೈಲಿ ಆಗದೇ ಇದ್ದದ್ದನ್ನ ಅದು ಮಾಡಿತ್ತು.

ಹೊರಡುವಾಗ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. "ಅದೆಲ್ಲಾ ಸರಿ ಸಾ. ನಾಳೆ ಈ ರಾಕ್ಷಸ ಸತ್ತೋದ್ರೆ ಪಹಣಿ ಯಾರ್ ಎಸ್ರಿಗ್ ಬತ್ತದೆ?"

೪. ಬೀಗರ ಯುದ್ಧ

ಮಹಾಯುದ್ಧಕ್ಕೆ ಜನ ಬೇಕಿತ್ತು. ನಾನೇ ಮುಂದೆ ಬಿದ್ದು, "ಬಿಳಿಗೆರೆ ಕಡೆಯಿಂದ ಒಂದು ಸೈನ್ಯ, ಹೆಮ್ಮರಗಾಲದ ಕಡೆಯಿಂದ ಒಂದು ಸೈನ್ಯ ಕರೆಸಿ" ಅಂದೆ. ಯಾವ ಹೊಲ ಯಾರಿಗೆ ಸೇರಿದ್ದು ಅಂತ ನನಗೆ ಗೊತ್ತು. ಯಾವ ಊರಿಂದ ಯಾವ ಊರಿಗೆ ಹೆಣ್ಣು ಕೊಟ್ಟಿದ್ದಾರೆ ಅನ್ನೋದು ನಮ್ಮ ಇಲಾಖೆಯ ದಾಖಲೆಯಲ್ಲಿ ಬರಲ್ಲ.

ಬೆಳಿಗ್ಗೆ ಹತ್ತಕ್ಕೆ ಎರಡೂ ಸೈನ್ಯ ಎದುರುಬದುರಾಗಿ ನಿಂತವು. ರಬ್ಬರ್ ಕತ್ತಿ, ರಟ್ಟಿನ ಗುರಾಣಿ. ನಿರ್ದೇಶಕರು ಮೈಕಿನಲ್ಲಿ, "ಅವರು ನಿಮ್ಮ ಪರಮ ಶತ್ರುಗಳು, ಕಣ್ಣಲ್ಲಿ ಬೆಂಕಿ ಬೇಕು, ಆ್ಯಕ್ಷನ್" ಅಂತ ಕೂಗಿದರು. ಎರಡೂ ಕಡೆಯವರು ಓಡಿ ಬಂದರು. ನಾಲ್ಕು ಮಾರು ದೂರ ಇರುವಾಗ ಎಲ್ಲರ ಕಾಲೂ ನಿಧಾನ ಆಯಿತು.

"ಯಾವಾಗ್ ಬಂದ್ರಿ ಬೀಗ್ರೆ, ಮಗಳು ಚೆನ್ನಾಗವ್ಳಾ?"

"ಚೆನ್ನಾಗವ್ಳೆ. ಬಾಣಂತಿ ಕಳಿಸ್ಕೊಡಿ ಅಂತಿದ್ರಲ್ಲ, ಶ್ರಾವಣ ಕಳೀಲಿ."

ಅರ್ಧ ಸೈನ್ಯ ಇನ್ನರ್ಧ ಸೈನ್ಯಕ್ಕೆ ಮಾವ, ಭಾವ, ಬೀಗ ಆಗಬೇಕು. ಒಬ್ಬ ಅಳಿಯ ಕತ್ತಿ ಕೆಳಗಿಟ್ಟು, ಶತ್ರು ಪಾಳೆಯದಲ್ಲಿದ್ದ ಹೆಣ್ಣು ಕೊಟ್ಟ ಮಾವನ ಕಾಲು ಮುಟ್ಟಿದ. ನಿರ್ದೇಶಕರು ಕಟ್ ಕಟ್ ಅಂದರು. ಸಹನಿರ್ದೇಶಕ ಓಡಿಬಂದು ಜಾಗ ಬದಲಾಯಿಸಿದ. ಬದಲಾಯಿಸಿದ ಕಡೆ ಇನ್ನೊಬ್ಬ ಭಾವ ಸಿಕ್ಕ. ಹನ್ನೆರಡು ಗಂಟೆವರೆಗೂ ಹುಡುಕಿದರು, ಸಂಬಂಧವೇ ಇಲ್ಲದ ನಾಲ್ಕು ಜೋಡಿ ಸಿಗಲಿಲ್ಲ. ಇನ್ನೊಂದು ಕಡೆ ಹೆಣವಾಗಿ ಮಲಗಿಸಿದ್ದ ಒಬ್ಬ ಮಾವನಿಗೆ ಬಿಸಿಲು ಬೀಳ್ತದೆ ಅಂತ ಅವನನ್ನು ಕೊಲ್ಲಬೇಕಾದ ಅಳಿಯನೇ ಗುರಾಣಿ ಅಡ್ಡ ಹಿಡಿದು ಕೂತಿದ್ದ.

ಊಟಕ್ಕೆ ಬಿಟ್ಟಾಗ ಇನ್ನೊಂದು. ಬೀಗರು ಕೂರುವವರೆಗೂ ಹೆಣ್ಣು ತಂದವರ ಕಡೆಯ ಸೈನ್ಯ ಎಲೆ ಮುಂದೆ ಕೂರಲಿಲ್ಲ. ಹೆಣ್ಣು ಎರಡೂ ಕಡೆಯಿಂದ ಎರಡೂ ಕಡೆಗೆ ಹೋಗಿದ್ದರಿಂದ ಯಾರೂ ಕೂರಲಿಲ್ಲ. ಅನ್ನ ಆರಿತು. ನಾನು ಈ ಗಲಾಟೆಯಲ್ಲೇ ನಿರ್ದೇಶಕರ ಪಕ್ಕ ಹೋಗಿ, "ಹರಗೋಲಜ್ಜಿ ವಿಷಯ ಏನಾಯ್ತು ಸಾರ್" ಅಂದೆ. ಅವರು ಅಳೋ ಹಾಗೆ ನನ್ನ ಮುಖ ನೋಡಿದರು.

ಕೊನೆಗೆ ಬೆಳಿಗ್ಗೆ ಕಾಲು ಮುಟ್ಟಿದ್ದ ಅಳಿಯನನ್ನು ಒಪ್ಪಿಸಿದ್ದು ಅವನ ಮಾವನೇ. "ಒಡಿ ಕಣಪ್ಪ, ನಾನೇ ಯೇಳ್ತಿದ್ದೀನಲ್ಲ. ಒಟ್ಟೆ ಅಸೀತದೆ." ಅಳಿಯ ಕಣ್ಣು ಮುಚ್ಚಿಕೊಂಡು ಹೊಡೆದ. ಹೊಡೆಯುವಾಗ ಬಾಯಲ್ಲಿ ಏನೋ ಅಂದ. ಸರಣಿಯಲ್ಲಿ ಅದಕ್ಕೆ ಭಯಂಕರವಾದ ಗರ್ಜನೆ ಸೇರಿಸಿದ್ದಾರೆ, ಕೇಳಿದರೆ ಮೈ ನಡುಗುತ್ತೆ. ಆದರೆ ನೀವು ಅವನ ತುಟಿ ಮಾತ್ರ ನೋಡಿ. "ತಪ್ಪಾಯ್ತು ಮಾವ" ಅಂತಿದ್ದಾನೆ.

೫. ಕೂತವನನ್ನು ಯಾಕೆ ಬೈಯಲಿ

ನದಿ ದಾಟುವ ದೃಶ್ಯಕ್ಕೆ ನಂಜನಗೂಡಿನಲ್ಲೊಂದು ದೊಡ್ಡ ಶೆಡ್ಡಿನಲ್ಲಿ ಹಸಿರು ಬಟ್ಟೆ ಕಟ್ಟಿದ್ದರು. ನೀರನ್ನು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿಸ್ತಾರಂತೆ. ಆಚೆ ಹತ್ತು ಹೆಜ್ಜೆ ಹಾಕಿದರೆ ಕಪಿಲೆ ತುಂಬಿ ಹರೀತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಹರಗೋಲನ್ನು ಟೈರಿನ ಮೇಲಿಟ್ಟು ನಾಲ್ಕು ಜನ ಅಲ್ಲಾಡಿಸ್ತಿದ್ದರು. ಒಳಗೆ ಹುಟ್ಟು ಹಿಡಿದ ಸೇನಾಪತಿ, ಕತ್ತಿ ಹಿಡಿದ ರಾಜಕುಮಾರ. "ನೀವು ಹರಗೋಲಿನ ಮೂತಿಯಲ್ಲಿ ನಿಂತ್ಕೊಳ್ಳಿ" ಅಂದರು ನಿರ್ದೇಶಕರು. ರಾಜಕುಮಾರ ಸುತ್ತಲೂ ಹುಡುಕಿದ. ಹರಗೋಲು ದುಂಡಗಿರುತ್ತೆ, ಅದಕ್ಕೆ ಮೂತಿ ಎಲ್ಲಿಂದ ಬರಬೇಕು.

ನಾನು ಹೇಳಿದೆ, "ಸಾರ್, ನಿಜವಾದ ಹರಗೋಲು ನೀರಲ್ಲಿ ಹೇಗೆ ಹೋಗುತ್ತೆ ಅಂತ ಒಂದ್ಸಲ ನೋಡಿಬಿಡಿ. ನಮ್ಮ ದೊಡ್ಡಮ್ಮನ ಊರಲ್ಲಿ ಮೀನು ಹಿಡಿಯೋರು ಇನ್ನೂ ಇಟ್ಟುಕೊಂಡಿದ್ದಾರೆ." ನೋಡೋಕೆ ಅಂತ ಹೊರಟವರು ಕ್ಯಾಮೆರಾನೂ ತಗೊಂಡರು. ನಾನು ಆಸೆ ಇಟ್ಟುಕೊಂಡೇ ಕರೆದುಕೊಂಡು ಹೋದೆ, ಅದನ್ನು ಮುಚ್ಚಿಡೋದೇನು.

ದೊಡ್ಡಮ್ಮ ಹೊಳೆ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ದಳು. ಸೇನಾಪತಿ ಹುಟ್ಟು ಹಾಕಿದರು, ಹರಗೋಲು ನಿಂತಲ್ಲೇ ಸುತ್ತಿತು. ರಾಜಕುಮಾರ ಎದ್ದು ನಿಂತು ಕತ್ತಿ ಎತ್ತಿದ. ದೊಡ್ಡಮ್ಮ ಎಲೆ ಉಗಿದು, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗಿಳಿದು ಹರಗೋಲಿನ ಅಂಚು ಹಿಡಿದಳು.

"ಲೇ, ಕುಂತ್ಕೊಳ್ಳಾ. ಅರಗೋಲಲ್ ನಿಂತ್ಕಂಡು ಯಾವೋನಾದ್ರೂ ಕತ್ತಿ ಬೀಸ್ತಾನಾ? ರಾಜ ಆದ್ರೆ ನಿನ್ ಅರಮನೇಲಿ. ಒಳೇಲಿ ನಾನ್ ಯೇಳ್ದಂಗ್ ಕೇಳ್ಬೇಕು."

ಆ ಹುಡುಗ ದಪ್ ಅಂತ ಕೂತ. ದೊಡ್ಡಮ್ಮ ಮೀನಿನವರ ಕೈ ಹಿಡಿದು ಒಳಗೆ ಹತ್ತಿ, ಸೇನಾಪತಿ ಕೈಯಿಂದ ಹುಟ್ಟು ಕಿತ್ತುಕೊಂಡು ಎರಡು ಸಲ ಹಾಕಿದಳು. ಹರಗೋಲು ನೆಟ್ಟಗೆ ಹೋಯಿತು. ಮೇಡಂ ನನ್ನ ತೋಳು ಹಿಡಿದುಕೊಂಡರು. "ಸಾರ್, ಎರಡನೇ ಸಂಪುಟದಲ್ಲಿ ಇದೇ ಮಾತಿದೆ, ಒಂದಕ್ಷರ ಬಿಡದ ಹಾಗೆ." ಇರದೆ ಏನು ಮೇಡಂ, ಆ ಬೈಗುಳ ತಿಂದೇ ಬೆಳೆದವನು ನಾನು. ನಿರ್ದೇಶಕರು ಕಟ್ ಅನ್ನೋದನ್ನೇ ಮರೆತಿದ್ದರು.

ಆಮೇಲೆ ಜ್ಞಾಪಿಸಿಕೊಂಡು, "ಅಜ್ಜಿ, ಇನ್ನೊಂದ್ಸಲ ಹಾಗೇ ಬೈಯಿರಿ, ಈ ಕಡೆಯಿಂದ ತೆಗೀಬೇಕು" ಅಂದರು.

"ಯಾಕಪ್ಪ? ಈಗ ಕುಂತವ್ನಲ್ಲ."

"ಮತ್ತೆ ನಿಂತ್ಕೊಳ್ತಾನೆ ಅಜ್ಜಿ."

"ಯೇಳಿದ್ ಮೇಲೂ ನಿಂತ್ಕಂಡ್ರೆ ನಾನ್ ಬೈಯಲ್ಲ, ನೀರಿಗ್ ತಳ್ತೀನಿ."

ನಟಿಸಿ ಬೈಯೋದು ಅವಳಿಗೆ ಗೊತ್ತೇ ಇಲ್ಲ. ತಪ್ಪು ಮಾಡಿದರೆ ತಾನೆ ಬೈಗುಳ. ಆದ್ದರಿಂದ ಪ್ರತಿ ಟೇಕಿಗೂ ರಾಜಕುಮಾರ ಹೊಸ ತಪ್ಪು ಹುಡುಕಬೇಕಾಯಿತು. ಒಂದ್ಸಲ ನೀರಿಗೆ ಕೈ ಬಿಟ್ಟ, ಒಂದ್ಸಲ ಒಂದೇ ಕಡೆ ವಾಲಿದ, ಒಂದ್ಸಲ ರೊಟ್ಟಿ ಬೇಡ ಅಂದ. ರೊಟ್ಟಿ ಬೇಡ ಅಂದಾಗ ಬಿದ್ದ ಬೈಗುಳ ಸೆನ್ಸಾರಿನ ಮನೆ ಹಾಳಾಗುವಂಥದ್ದು. ಅಷ್ಟು ಬೈದು ಕೊನೆಗೆ ಅವನ ತಲೆ ಸವರಿ, "ಉಣ್ಣಪ್ಪ, ಸೊರಗೋಗಿದ್ದೀಯ" ಅಂದಳು. ಆ ಹುಡುಗ ದಡ ಸೇರಿದ ಕೂಡಲೇ ಅವರವ್ವನಿಗೆ ಫೋನ್ ಮಾಡಿದ.

ಮುಂಬೈನವರು ಅದನ್ನು ನೋಡಿ ಒಂದೇ ಮಾತು ಕೇಳಿದರಂತೆ, "ಈ ಅಜ್ಜಿಯನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ದಿರಿ?" ಆ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಸೇನಾಪತಿಗೆ ಬೇಜಾರಾಗಿರಬಹುದು ಅಂತ ಮಾತಾಡಿಸೋಕೆ ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ಉಳಿಸಿದ್ರಿ ಸಾರ್. ಒಂದು ತಿಂಗಳಿಂದ ರೊಟ್ಟಿ ತಟ್ಟೋದು ಪ್ರಾಕ್ಟೀಸ್ ಮಾಡ್ತಿದ್ದೆ, ಮನೇಲಿ ಈಗ ದಿನಾ ನನ್ನ ಕೈಲೇ ಮಾಡಿಸ್ತಿದ್ದಾರೆ" ಅಂದರು.

೬. ಆನೆ ಬರುವವರೆಗೆ

ಸರಣಿ ಬಿಡುಗಡೆಯಾದ ಭಾನುವಾರ ನಮ್ಮನೆ ಟೀವಿಯನ್ನೇ ಕಾರಿನಲ್ಲಿ ಹೊತ್ತುಕೊಂಡು ದೊಡ್ಡಮ್ಮನ ಊರಿಗೆ ಹೋದೆವು. ನಾನು, ನಮ್ಮನೆಯವರು, ಜೊತೆಗೆ ಚಿತ್ರಕಥೆಯ ಮೇಡಂ. ಅಕ್ಕಪಕ್ಕದವರು ಜಗಲಿವರೆಗೂ ತುಂಬಿದ್ದರು.

ಮೂರನೇ ಕಂತಿನಲ್ಲಿ ಹರಗೋಲಜ್ಜಿ ಬಂದಳು. ನಾನು ಟೀವಿ ನೋಡಲಿಲ್ಲ, ದೊಡ್ಡಮ್ಮನ ಮುಖ ನೋಡ್ತಿದ್ದೆ. ಅವಳು ಮೊದಲು, "ಸೆರಗು ಸರಿಯಾಗ್ ಒದ್ಕಂಡಿಲ್ಲ ನಾನು" ಅಂದಳು. ರಾಜಕುಮಾರ ದಾಟಿಹೋದ ಮೇಲೆ ನನ್ನ ಕಡೆ ತಿರುಗಿದಳು.

"ಇದು ನಾನ್ ಯೇಳ್ತಿದ್ ಕತೆ ಅಲ್ವೇನ್ಲಾ?"

"ಹೂಂ ದೊಡ್ಡಮ್ಮ."

"ಆ ಪುಸ್ತಕದೊಳ್ಗೂ ಇದೇ ಇತ್ತಾ?"

"ಅದೇ ಇದ್ದದ್ದು."

"ಮೊದ್ಲೇ ಯೇಳ್ಬಾರ್ದಾ. ನಾನು ಬರೀ ಕುಂಕುಮ ಇಟ್ಟು ಸುಮ್ನಾಗಿದ್ದೆ." ದೇವರ ಗೂಡಿನ ಕಡೆ ನೋಡಿ ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಊರವರ ಮುಂದೆ ಅತ್ತೆ. ಇವಳಿಗೆ ಮುಟ್ಟಿತಲ್ಲ, ನಾನು ಬರೆದದ್ದು ಸಾರ್ಥಕ ಅನ್ನಿಸಿತು.

ಊಟಕ್ಕೆ ಎಲ್ಲರೂ ಎದ್ದು ಹೋದರು. ಮುದ್ದೆ, ಉಪ್ಪೆಸರು ಉಂಡು ನಾವು ನಾಲ್ಕು ಜನ ಮಾತ್ರ ಉಳಿದಾಗ ದೊಡ್ಡಮ್ಮ, "ಈ ಕತೆ ಕೊನೆ ಏನ್ ಬರ್ದಿದ್ದೀಯ" ಅಂದಳು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಸರಣಿ ಇನ್ನೂ ಮುಟ್ಟದ ಐದನೇ ಸಂಪುಟದಲ್ಲಿ ರಾಜಕುಮಾರ ಮೂರು ನದಿ ಸೇರುವಲ್ಲಿ ಮುಳುಗಿಹೋಗ್ತಾನೆ, ಹರಗೋಲಜ್ಜಿ ಖಾಲಿ ಹರಗೋಲು ತಗೊಂಡು ವಾಪಸ್ ಬರ್ತಾಳೆ. ಮೇಡಂ ಅದನ್ನು ಓದಿ ಎರಡು ದಿನ ಊಟ ಬಿಟ್ಟಿದ್ದರು.

ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. "ಯಾರ್ಲಾ ಯೇಳಿದ್ದು ನಿಂಗೆ? ನನ್ ಅರಗೋಲಲ್ ಕುಂತೋನ್ ಯಾವೋನಾದ್ರೂ ಮುಳುಗಿದ್ದಾನಾ?"

"ನೀನೇ ಹೇಳಿದ್ದಲ್ವಾ ದೊಡ್ಡಮ್ಮ."

"ನಾನ್ ಯಾವತ್ ಯೇಳ್ದೆ? ಆನೆ ಬರೋ ಒತ್ಗೆ ಮಲಗ್ಬುಡ್ತಿದ್ದೆ ನೀನು. ಒಂದಿನಾನೂ ಕೊನೆ ಕೇಳ್ನಿಲ್ಲ."

ಯೋಚನೆ ಮಾಡಿದೆ. ನಿಜ. ಆನೆ ಮಾತಾಡೋಕೆ ಶುರು ಮಾಡುವವರೆಗೂ ನನಗೆ ಒಂದೊಂದು ಮಾತೂ ನೆನಪಿದೆ, ಆಮೇಲೆ ಏನೂ ಇಲ್ಲ. ಉಳಿದದ್ದನ್ನು ನಾನೇ ಹೊಲಿದು, ಅದೂ ಅವಳೇ ಹೇಳಿದ್ದು ಅಂದುಕೊಂಡಿದ್ದೆ. ಐದು ಸಂಪುಟ ಬರೆದು ಕತೆಯನ್ನೇ ಪೂರ್ತಿ ಕೇಳದ ಕಾದಂಬರಿಕಾರ ಈ ತಾಲ್ಲೂಕಲ್ಲಿ ನಾನೊಬ್ಬನೇ ಇರಬೇಕು.

"ಹಾಗಾದರೆ ಕೊನೆ ಏನು, ಹೇಳು" ಅಂದೆ. ಮೇಡಂ ನೋಟ್‌ಬುಕ್ ತೆಗೆದರು.

"ಕೊನೆ ಮಾತ್ರ ಯೇಳಕ್ಕಾಯ್ತದಾ? ಮೊದ್ಲಿಂದ ಬರ್ಬೇಕು. ಮಲಕ್ಕೊ ಬಾ." ಚಾಪೆ ಹಾಸಿದ್ದಳು. ತೊಡೆ ಮೇಲೆ ತಲೆ ಇಟ್ಟೆ. ಅವಳ ಕೈಯಲ್ಲಿ ಇನ್ನೂ ಅದೇ ಎಲೆ ಅಡಿಕೆ ವಾಸನೆ. ಒಂದೂರಲ್ಲಿ ಒಬ್ಬ ರಾಜ ಇದ್ನಂತೆ ಅಂದಳು.

ಎದ್ದಾಗ ನಾಲ್ಕು ಗಂಟೆ. ದೊಡ್ಡಮ್ಮ ಹೊಳೆ ಕಡೆ ಹೋಗಿದ್ದಳು. ಮೇಡಂ ನೋಟ್‌ಬುಕ್ ಎದೆಗೆ ಅವುಚಿಕೊಂಡು ಕಣ್ಣೊರೆಸಿಕೊಳ್ತಿದ್ದರು. "ಎಂಥಾ ಕೊನೆ ಸಾರ್. ಮುಂಬೈನವರಿಗೆ ಫೋನ್ ಮಾಡಿ ಹೇಳಿದೆ, ಮುಂದಿನ ಸೀಸನ್ ಹೀಗೇ ಮುಗಿಸೋಣ ಅಂದರು."

"ಏನಾಗುತ್ತೆ ಕೊನೆಗೆ?"

ಮೇಡಂ ನಾಲಿಗೆ ಕಚ್ಚಿಕೊಂಡರು. "ಸಾರಿ ಸಾರ್. ಆ ಕಾಗದಕ್ಕೆ ನಾನೂ ರುಜು ಹಾಕಿದ್ದೀನಿ. ಮುಂದಿನ ಸೀಸನ್ ವಿಷಯ ಯಾರಿಗೂ ಹೇಳೋ ಹಾಗಿಲ್ಲ."

"ನಾನು ಕಾದಂಬರಿ ಬರೆದವನು ಮೇಡಂ."

"ಈ ಕೊನೆ ನೀವು ಬರೆದಿಲ್ವಲ್ಲ ಸಾರ್."

ನಮ್ಮನೆಯವರ ಕಡೆ ತಿರುಗಿದೆ. ಕತೆ ಕೇಳಿಸಿಕೊಂಡಿದ್ದಾರಲ್ಲ ಅಂತ ಮೇಡಂ ತಮ್ಮ ಬ್ಯಾಗಿನಲ್ಲಿದ್ದ ಇನ್ನೊಂದು ಕಾಗದ ತೆಗೆದು ಅವರ ಹತ್ತಿರವೂ ರುಜು ಹಾಕಿಸಿಬಿಟ್ಟಿದ್ದರು. ನಮ್ಮನೆಯವರು ಸೆರಗು ಸರಿಮಾಡಿಕೊಂಡು, "ಕಂಡಕ್ಟರ್ ಹೇಳಿದರೆ ಕೇಳಿಸಿಕೊಳ್ಳಿ"‌ ಅಂದರು.

ಅಲ್ಲಿಂದೀಚೆಗೆ ಪ್ರತಿ ಭಾನುವಾರ ನಂಜನಗೂಡಿನಿಂದ ಬಸ್ಸು ಹತ್ತಿ ದೊಡ್ಡಮ್ಮನ ಊರಿಗೆ ಹೋಗ್ತೀನಿ. ಕೊನೆ ಹೇಳು ಅಂತೀನಿ. ಅವಳು ಮೊದಲು ಉಣ್ಣು ಅಂತಾಳೆ, ಆಮೇಲೆ ಮಲಕ್ಕೊ ಅಂತಾಳೆ, ಆಮೇಲೆ ಮೊದಲಿಂದ ಶುರು ಮಾಡ್ತಾಳೆ. ಹೋದ ವಾರ ಬೇಕಂತಲೇ ಮುದ್ದೆ ಬೇಡ ಅಂದು, ಎರಡು ಲೋಟ ಕಾಫಿ ಕುಡಿದು, ಕೂತೇ ಕೇಳ್ತೀನಿ ಅಂತ ಹಟ ಹಿಡಿದೆ. ಅವಳು ನಕ್ಕು ನನ್ನ ತಲೆ ಮೇಲೆ ಕೈ ಇಟ್ಟಳು. ಆನೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ.